ಬುಡದಲ್ಲಿ ನೀರು ನಿಂತ ಗಿಡ ಉಳಿಸಿಕೊಳ್ಳುವ ಕ್ರಮ: ಮಲೆನಾಡಿನ ಹಿತ್ತಲಿಗೆ ಸಮಗ್ರ ಮಾರ್ಗದರ್ಶಿ

ಆರಿದ್ರಾ ಮಳೆ ಮುಗಿದು ಪುನರ್ವಸು ಹಿಡಿಯುವ ಹೊತ್ತಿಗೆ, ಅಂದರೆ ಜುಲೈ ಮೊದಲ ವಾರದ ಆಸುಪಾಸು, ನನಗೆ ಪ್ರತಿ ವರ್ಷ ಒಂದೇ ಥರದ ಫೋನ್ ಬರುತ್ತದೆ. "ಅಕ್ಕಾ, ಗುಲಾಬಿ ಎಲೆ ಹಳದಿ ಆಗ್ತಿದೆ, ಯಾವ ಗೊಬ್ಬರ ಹಾಕ್ಲಿ?" ಬುಡದಲ್ಲಿ ನೀರು ನಿಂತಿದೆಯಾ ಎಂದು ಕೇಳುತ್ತೇನೆ. "ಮಳೆಗಾಲ ಅಲ್ವಾ, ನಿಂತೇ ನಿಲ್ಲುತ್ತೆ" ಅನ್ನುತ್ತಾರೆ. ಹದಿನೈದು ದಿನ ಬಿಟ್ಟು ಮತ್ತೆ ಫೋನ್. ಗಿಡ ಹೋಯಿತು.

ಇವರು ಯಾರೂ ಗಿಡದ ಬಗ್ಗೆ ಅಸಡ್ಡೆ ಮಾಡಿದವರಲ್ಲ. ಗೊಬ್ಬರ ಹಾಕಿದ್ದಾರೆ, ಔಷಧಿ ಹೊಡೆದಿದ್ದಾರೆ, ಬುಡ ಕೆದಕಿದ್ದಾರೆ. ತಪ್ಪಿದ್ದು ಕ್ರಮ. ಮೊದಲು ನೀರು ಹೊರಗೆ ಹೋಗಬೇಕು. ಆಮೇಲೆ ಮಣ್ಣಿಗೆ ಗಾಳಿ. ಅದಾದ ಮೇಲೆ ಕೊಳೆಗೆ ಔಷಧಿ. ಗೊಬ್ಬರ ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಿರುವುಮುರುವಾದರೆ ಎಷ್ಟು ಕಷ್ಟಪಟ್ಟರೂ ಗಿಡ ಉಳಿಯುವುದಿಲ್ಲ. ಕೆಳಗಿನ ಹಂತಗಳನ್ನು ದಯವಿಟ್ಟು ಇದೇ ಸಾಲಿನಲ್ಲಿ ಮಾಡಿ.

## ಬೇರಿಗೆ ಏನಾಗುತ್ತದೆ

ಬೇರು ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿರುವ ಗಾಳಿಯೇ ಅದಕ್ಕೆ ಆಧಾರ. ಆ ಸಂದಿಗೆ ನೀರು ತುಂಬಿಕೊಂಡರೆ ಆಮ್ಲಜನಕ ಬೇರಿಗೆ ಸಾಗುವ ವೇಗ ಗಾಳಿಯಲ್ಲಿ ಇರುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ ಆಗುತ್ತದೆ. ಇದ್ದಷ್ಟನ್ನು ಬೇರು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ಒಂದೆರಡು ದಿನದಲ್ಲಿ ಮುಗಿಸಿಬಿಡುತ್ತವೆ.

ಉಸಿರು ಕಟ್ಟಿದ ಬೇರು ನೀರನ್ನು ಮೇಲಕ್ಕೆ ಎಳೆಯಲಾರದು. ಅದಕ್ಕೇ ನೀರಿನಲ್ಲೇ ನಿಂತ ಗಿಡ ಬಾಯಾರಿದ ಗಿಡದ ಹಾಗೆ ಬಾಡಿ ನಿಲ್ಲುತ್ತದೆ. ಇದನ್ನು ನೋಡಿ ಮಳೆ ಬಿಟ್ಟ ಮಧ್ಯಾಹ್ನ ಒಂದು ಬಕೆಟ್ ನೀರು ಹಾಕುವವರೂ ಇದ್ದಾರೆ. ಸತ್ತ ಬೇರಿನ ಮೇಲೆ ಕೊಳೆಯ ಶಿಲೀಂಧ್ರ ಕೂರುತ್ತದೆ. ಅಡಿಕೆಗೆ ಕೊಳೆ, ಮೆಣಸಿನ ಬಳ್ಳಿಗೆ ಶೀಘ್ರ ಸೊರಗು ತರುವ ಫೈಟೊಫ್ತೊರಾ ಕುಲದ ರೋಗಾಣುಗಳು ನೀರಿನಲ್ಲಿ ಈಜಿಕೊಂಡೇ ಬೇರಿನಿಂದ ಬೇರಿಗೆ ಹೋಗುತ್ತವೆ. ನಿಂತ ನೀರು ಅವಕ್ಕೆ ದಾರಿ.

## ಬೇಕಾದ ಸಾಮಾನು

ಗುದ್ದಲಿ, ಹಾರೆ, ಸಲಿಕೆ, ಮಣ್ಣು ಹೊರಲು ಬುಟ್ಟಿ. ಮಟ್ಟ ನೋಡಲು ಗಾರೆ ಕೆಲಸದವರು ಬಳಸುವ ಪಾರದರ್ಶಕ ಪೈಪು, 10 ಮೀಟರಿನಷ್ಟು. ಗೂಟ ಮತ್ತು ದಾರ. ಒಂದು ಸ್ಕೇಲು. ಹರಿತವಾದ ಕತ್ತರಿ. ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಅಥವಾ ಇಟ್ಟಿಗೆ ಚೂರುಗಳು. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೇಕಾಗಬಹುದು, ಆದರೆ ಮೊದಲ ದಿನವೇ ಅಲ್ಲ.

ಗಮ್ ಬೂಟು ಮತ್ತು ಕೈಗವಸು ಬೇಕೇ ಬೇಕು. ಉಂಬಳಕ್ಕೆ (ಜಿಗಣೆಗೆ) ಹೆದರಿ ಹೇಳುತ್ತಿಲ್ಲ. ಕಾಲಿನಲ್ಲಿ ಗಾಯ ಇಟ್ಟುಕೊಂಡು ಕೆಸರು ನೀರಿನಲ್ಲಿ ನಿಂತರೆ ಇಲಿ ಜ್ವರ ಬರುವ ಸಾಧ್ಯತೆ ಇದೆ. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಲಸವಾದ ಮೇಲೆ ಕೈಕಾಲು ಸೋಪು ಹಾಕಿ ತೊಳೆಯಿರಿ. ಎರಡು ಮೂರು ದಿನದಲ್ಲಿ ಜ್ವರ, ಮೀನಖಂಡ ನೋವು ಕಾಣಿಸಿಕೊಂಡರೂ ಸರಿ, ಎರಡು ವಾರ ಬಿಟ್ಟು ಕಾಣಿಸಿಕೊಂಡರೂ ಸರಿ, ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ಹೇಳಿ.

## ಹಂತ 1: ನೀರಿನದ್ದೇ ತೊಂದರೆ ಹೌದಾ ಎಂದು ಖಚಿತ ಮಾಡಿಕೊಳ್ಳಿ

ಎಲೆ ಹಳದಿಯಾಗಲು ಕಾರಣ ಹತ್ತಾರು. ನೀರು ನಿಂತ ಗಿಡದಲ್ಲಿ ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ತೊಟ್ಟು ಗಟ್ಟಿಯಾಗಿದ್ದರೂ ಎಲೆ ಕೆಳಮುಖವಾಗಿ ಬಾಗುತ್ತದೆ. ಮಣ್ಣು ಒದ್ದೆ ಇದ್ದೂ ಗಿಡ ಬಾಡುತ್ತದೆ. ಹೊಸ ಚಿಗುರು ನಿಂತುಹೋಗುತ್ತದೆ, ಮೊಗ್ಗು ಅರಳದೆ ಉದುರುತ್ತದೆ.

ಎಲೆಗಿಂತ ಮಣ್ಣು ಹೆಚ್ಚು ನಿಜ ಹೇಳುತ್ತದೆ. ಗಿಡದ ನೆರಳಿನ ಅಂಚಿನಲ್ಲಿ ಒಂದು ಗೇಣು ಆಳಕ್ಕೆ ಒಂದು ಹಿಡಿ ಮಣ್ಣು ತೆಗೆದು ಮೂಸಿ ನೋಡಿ. ಒಳ್ಳೆಯ ಮಣ್ಣಿಗೆ ಮೊದಲ ಮಳೆಯ ವಾಸನೆ ಇರುತ್ತದೆ. ಉಸಿರು ಕಟ್ಟಿದ ಮಣ್ಣು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ನಮ್ಮ ಕೆಂಪು ಮಣ್ಣು ಬೂದಿ ಬಣ್ಣಕ್ಕೆ ತಿರುಗಿ, ನಡುವೆ ತುಕ್ಕಿನಂಥ ಗೆರೆ ಕಂಡರೆ ಅಲ್ಲಿ ಬಹಳ ದಿನದಿಂದ ನೀರು ನಿಲ್ಲುತ್ತಿದೆ ಎಂದರ್ಥ. ಮಣ್ಣಿನ ಮೇಲೆ ಹಸಿರು ಪಾಚಿ, ಹಾವಸೆ ದಟ್ಟವಾಗಿ ಹಬ್ಬಿದ್ದರೂ ಅನುಮಾನ ಪಡಿ.

ಇದು ಅರ್ಧ ಗಂಟೆಯ ಕೆಲಸ. ಬಿಡಬೇಡಿ.

## ಹಂತ 2: ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ

ಜನ ಹೆಚ್ಚು ಸೋಲುವುದು ಇಲ್ಲಿ. ನೀರು ನಿಂತಿದೆ ಎಂದ ಕೂಡಲೇ ಸುಮ್ನೆ ಎಲ್ಲೋ ಒಂದು ಕಾಲುವೆ ತೋಡುತ್ತಾರೆ. ನೀರು ಬರುವ ದಾರಿ ಬೇರೆಯೇ ಇರುತ್ತದೆ.

ಜೋರು ಮಳೆ ಬರುವಾಗ ಕೊಡೆ ಹಿಡಿದು ಹಿತ್ತಲಿಗೆ ಹೋಗಿ ಹತ್ತು ನಿಮಿಷ ನಿಲ್ಲಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಅಂಗಳದ ನೀರು ಯಾವ ಕಡೆ ಓಡುತ್ತದೆ, ಧರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಬುಡದಲ್ಲಿ ಒರತೆ ಇದೆಯಾ, ನೋಡಿ. ಹೊಳವಾದ ಮೇಲೆ, ಅಂದರೆ ಮಳೆ ಬಿಟ್ಟ ಮೇಲೆ, ಇದು ಗೊತ್ತಾಗುವುದಿಲ್ಲ.

ನಂತರ ಗಿಡದ ಹತ್ತಿರ, ಬೇರಿಗೆ ತಾಗದ ಹಾಗೆ, ಒಂದು ಅಡಿ ಅಗಲ ಮತ್ತು ಒಂದೂವರೆ ಅಡಿ ಆಳದ ಗುಂಡಿ ತೋಡಿ. ಮೇಲೊಂದು ಹಲಗೆ ಮುಚ್ಚಿ ಒಂದೆರಡು ಗಂಟೆ ಬಿಟ್ಟು ನೋಡಿ.

ಗುಂಡಿಯ ಮೇಲ್ಗಡೆ ಬದಿಯಿಂದ, ಅಂದರೆ ಗುಡ್ಡದ ಕಡೆಯಿಂದ ನೀರು ಜಿನುಗಿದರೆ ಅದು ಧರೆಯ ನೀರು. ತಳದಿಂದ ಮೇಲೆದ್ದರೆ ನೆಲದ ಜಲವೇ ಏರಿದೆ. ಜುಲೈ, ಆಗಸ್ಟಿನಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಎಷ್ಟೋ ಹಿತ್ತಲುಗಳಲ್ಲಿ ಜಲ ಹೀಗೆ ಏಳುತ್ತದೆ. ಎರಡೂ ಇಲ್ಲದೆ ಗುಂಡಿ ಖಾಲಿಯಾಗೇ ಇದ್ದರೆ ಅದಕ್ಕೆ ನೀರು ಹೊಯ್ದು ನೋಡಿ, ಆ ನೀರು ಇಳಿಯದಿದ್ದರೆ ಮಣ್ಣು ಬಿಗಿಯಾಗಿದೆ.

ಬಿಗಿ ಮಣ್ಣಿಗೆ ನಮ್ಮಲ್ಲಿ ಎರಡು ದೊಡ್ಡ ಕಾರಣ. ಒಂದು ಜೆಸಿಬಿ. ಧರೆ ಕಡಿದು ಮನೆ ಕಟ್ಟಿದ ಜಾಗದಲ್ಲಿ ಮೇಲ್ಮಣ್ಣು ಅಡಿಗೆ ಹೋಗಿ, ಅಡಿಯ ಜಿಗುಟು ಮಣ್ಣು ಮೇಲೆ ಬಂದು, ಅದರ ಮೇಲೆ ಯಂತ್ರ ಓಡಾಡಿರುತ್ತದೆ. ಇನ್ನೊಂದು ಗದ್ದೆ ತುಂಬಿಸಿದ ಸೈಟುಗಳು. ವರ್ಷಗಟ್ಟಲೆ ಕೆಸರು ಮಾಡಿ ನಾಟಿ ಮಾಡಿದ ಗದ್ದೆಯಲ್ಲಿ ಮೇಲ್ಮಣ್ಣಿನ ಅಡಿಗೆ ಒಂದು ಗಟ್ಟಿ ಪದರ ಕೂತಿರುತ್ತದೆ. ನೀರು ನಿಲ್ಲಲಿ ಎಂದೇ ಮಾಡಿಕೊಂಡ ಪದರ ಅದು. ಮೇಲೆ ಎರಡಡಿ ಮಣ್ಣು ಸುರಿದರೂ ಅದು ಹಾಗೇ ಇರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಆದರೂ ಪೇಟೆಯಲ್ಲಿ ಗಿಡ ಕೊಳೆಯುತ್ತದೆ ಎಂದರೆ ಮಳೆಗಿಂತ ಈ ತುಂಬಿಸಿದ ಸೈಟುಗಳದ್ದೇ ಕಾರಣ ಇರುತ್ತದೆ.

ಮೂರನೆಯದು ನಮ್ಮ ಮನೆಯಲ್ಲೇ ಆಗಿದ್ದು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದೆವು. ಹಾಕಿದವರು ಇಳಿಜಾರನ್ನು ಹಿತ್ತಲ ಕಡೆಗೆ ಕೊಟ್ಟಿದ್ದರು. ಅಂಗಳದ ಅಷ್ಟೂ ನೀರು ನಿಂಬೆ ಗಿಡದ ಬುಡಕ್ಕೆ ಹೋಗುತ್ತಿತ್ತು. ನಿಂಬೆ ಇದ್ದದ್ದು ಜಂಬಿಟ್ಟಿಗೆ ಕಲ್ಲು ಕಡಿದು ಮಾಡಿದ ಎರಡಡಿ ಚೌಕದ ಗುಂಡಿಯಲ್ಲಿ. ಸುತ್ತ ಕಲ್ಲು, ನಡುವೆ ಸಡಿಲ ಮಣ್ಣು. ನೀರು ಒಳಗೆ ಹೋಗಲು ದಾರಿ ಇದೆ, ಹೊರಗೆ ಬರಲು ಇಲ್ಲ. ಗಿಡವನ್ನು ಬಕೆಟ್ಟಿನಲ್ಲಿ ನೆಟ್ಟ ಹಾಗೆ. ಎಂಟು ವರ್ಷದ ಗಿಡ ಎರಡನೇ ಮಳೆಗಾಲದಲ್ಲಿ ಹೋಯಿತು. ಈಗಲೂ ಆ ಜಾಗ ನೋಡಿದರೆ ಬೇಜಾರಾಗುತ್ತದೆ. ಮೊದಲ ಮಳೆಯಲ್ಲೇ ಹತ್ತು ನಿಮಿಷ ಹೊರಗೆ ನಿಂತು ನೋಡಿದ್ದರೆ ತಿಳಿಯುತ್ತಿತ್ತು.

## ಹಂತ 3: ಅದೇ ದಿನ ಮಾಡಬೇಕಾದ ಕೆಲಸ

ಕಾಲುವೆ ತೋಡಲು ಆಳು ಸಿಗುವವರೆಗೆ ಕಾಯಬೇಡಿ. ಇಷ್ಟನ್ನು ಒಬ್ಬರೇ ಮಾಡಬಹುದು.

ಮೊದಲು ಪಾತಿ ಒಡೆಯಿರಿ. ಬೇಸಿಗೆಯಲ್ಲಿ ನೀರು ನಿಲ್ಲಲು ಮಾಡಿದ ಪಾತಿಯನ್ನು ಮಳೆಗಾಲಕ್ಕೂ ಹಾಗೇ ಬಿಟ್ಟಿರುವುದು ನಾನು ಕಾಣುವ ಅತಿ ಸಾಮಾನ್ಯ ತಪ್ಪು. ತಗ್ಗಿನ ಕಡೆಗೆ ಏರಿಯನ್ನು ಒಂದಡಿ ಅಗಲ ಕಡಿದರೆ ಸಾಕು, ನೀರು ಇಳಿಯುತ್ತದೆ. ಗಿಡದ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿದ್ದರೆ ಅದರ ತಳದಲ್ಲಿ ಎರಡು ಮೂರು ತೂತು ಹೊಡೆಯಿರಿ.

ಸೂರಿನ ನೀರನ್ನು ಬೇರೆ ಕಡೆ ತಿರುಗಿಸಿ. ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ), ಒಂದು ತುಂಡು ತಗಡು, ಅರ್ಧ ಸೀಳಿದ ಪೈಪು, ಏನಾದರೂ ಸರಿ.

ಕೊಚ್ಚಿ ಬಂದ ಕೆಸರು ಕಾಂಡದ ಬುಡಕ್ಕೆ ಕೂತಿದ್ದರೆ ಕೈಯಿಂದ ತೆಗೆಯಿರಿ. ಬುಡಕ್ಕೆ ಹೊದಿಸಿದ ದರಗು (ಒಣಗಿದ ಎಲೆ), ಸೊಪ್ಪನ್ನು ಕಾಂಡದಿಂದ ಒಂದಡಿ ದೂರ ಸರಿಸಿ. ಪೂರ್ತಿ ತೆಗೆಯಬೇಡಿ. ಹನಿ ನೇರ ಮಣ್ಣಿಗೆ ಬಡಿದರೆ ಮೇಲ್ಮಣ್ಣು ಇನ್ನೂ ಬಿಗಿಯುತ್ತದೆ.

ಕುಂಡಗಳಾದರೆ ಕೆಳಗಿನ ತಟ್ಟೆ ತೆಗೆಯಿರಿ. ತಳದ ತೂತಿಗೆ ತಂತಿ ಹಾಕಿ ಬಿಡಿಸಿ. ಮೂರು ಇಟ್ಟಿಗೆ ಚೂರಿನ ಮೇಲೆ ಕೂರಿಸಿ. ತೀರಾ ನೀರು ಕುಡಿದ ಕುಂಡವನ್ನು ಒಂದು ರಾತ್ರಿ ಓರೆಯಾಗಿ ಮಲಗಿಸಿಟ್ಟರೆ ಆಶ್ಚರ್ಯವಾಗುವಷ್ಟು ನೀರು ಬಸಿಯುತ್ತದೆ. ಆಮೇಲೆ ಮಾಡಿನ ಕೆಳಗೆ, ಗಾಳಿಯಾಡುವ ಕಡೆ ಇಡಿ.

ಒದ್ದೆ ಮಣ್ಣನ್ನು ತುಳಿಯಲೇಬೇಡಿ. ಹೋಗಲೇಬೇಕಾದರೆ ಹಲಗೆ ಅಥವಾ ದಬ್ಬೆ ಹಾಸಿ ಅದರ ಮೇಲೆ ನಿಲ್ಲಿ. ಗಿಡದ ಮೇಲಿನ ಪ್ರೀತಿಗೆ ದಿನಾ ಹೋಗಿ ಸುತ್ತ ಓಡಾಡಿದರೆ ಉಳಿದಿದ್ದ ನಾಲ್ಕು ಗಾಳಿ ಸಂದಿಯೂ ಮುಚ್ಚಿಹೋಗುತ್ತದೆ.

## ಹಂತ 4: ಬಸಿಗಾಲುವೆ

ಇದು ನಿಜವಾದ ಕೆಲಸ. ಇದಕ್ಕೆ ಸಮಯ ಕೊಡಿ.

ನೀರು ಎಲ್ಲಿಗೆ ಹೋಗಬೇಕು ಎಂದು ಮೊದಲು ತೀರ್ಮಾನಿಸಿ. ತೋಟದ ಕಾಲುವೆ, ರಸ್ತೆ ಬದಿಯ ಚರಂಡಿ, ಅಥವಾ ಹಿತ್ತಲ ತಗ್ಗಿನ ಮೂಲೆ. ಪಕ್ಕದ ಮನೆಯ ಅಂಗಳಕ್ಕೆ ಬಿಡಬಾರದು. ಕುಡಿಯುವ ಬಾವಿಯ ಕಡೆ, ಶೌಚಾಲಯದ ಗುಂಡಿಯ ಕಡೆ ಬಿಡಬಾರದು. ಎಲ್ಲಕ್ಕಿಂತ ಮುಖ್ಯ, ಧರೆಯ ಅಂಚಿಗೆ ಬಿಡಬಾರದು. ಧರೆಯ ತಲೆಯಲ್ಲಿ ನೀರು ಇಂಗಿದರೆ ಧರೆಯೇ ಕುಸಿಯುತ್ತದೆ. ಧರೆಯ ಮೇಲೆ ಉದ್ದನೆ ಬಿರುಕು ಕಂಡರೆ, ಅಲ್ಲಿನ ಮರ ಓರೆಯಾದರೆ, ಬುಡದಿಂದ ಇದ್ದಕ್ಕಿದ್ದ ಹಾಗೆ ಕೆಸರು ನೀರು ಬರತೊಡಗಿದರೆ ಹತ್ತಿರ ಗುದ್ದಲಿ ಹಾಕಬೇಡಿ. ಅಲ್ಲಿಂದ ದೂರ ಸರಿಯಿರಿ. ಗಿಡ ಹೋದರೆ ಇನ್ನೊಂದು ನೆಡಬಹುದು.

ಮಟ್ಟ ಹಿಡಿಯಿರಿ. ಕಣ್ಣಳತೆ ನಂಬಬೇಡಿ, ಇಳಿಜಾರಿನ ಜಾಗದಲ್ಲಿ ಕಣ್ಣು ಮೋಸ ಮಾಡುತ್ತದೆ. ಪೈಪಿಗೆ ಗುಳ್ಳೆ ಇಲ್ಲದ ಹಾಗೆ ನೀರು ತುಂಬಿ ಎರಡೂ ತುದಿಯಲ್ಲಿ ಒಬ್ಬೊಬ್ಬರು ಹಿಡಿದು ಗೂಟಕ್ಕೆ ಗುರುತು ಹಾಕಿ. 10 ಮೀಟರ್ ಉದ್ದಕ್ಕೆ 10 ಸೆಂಟಿಮೀಟರ್ ಇಳಿತ ಸಾಕು, ಅಂದರೆ ಸುಮಾರು 33 ಅಡಿಗೆ 4 ಇಂಚು. ಇದಕ್ಕಿಂತ ಕಡಿಮೆಯಾದರೆ ಹೂಳು ಕೂರುತ್ತದೆ. ತೀರಾ ಜಾಸ್ತಿಯಾದರೆ ಕಾಲುವೆಯೇ ಕೊರೆದುಹೋಗುತ್ತದೆ. ಇಳಿಜಾರು ಕಡಿದಾದ ಕಡೆ ನಡುನಡುವೆ ಒಂದೊಂದು ಕಲ್ಲು ಅಡ್ಡ ಇಟ್ಟು ಮೆಟ್ಟಿಲು ಮಾಡಿ.

ಕೆಳಗಿನಿಂದ ಮೇಲಕ್ಕೆ ತೋಡಿ. ನೀರು ಹೊರಬೀಳುವ ಬಾಯಿಯಿಂದ ಶುರು ಮಾಡಿ ಗಿಡದ ಕಡೆ ಬನ್ನಿ. ಮೇಲಿನಿಂದ ಶುರು ಮಾಡಿದರೆ ತೋಡಿದ ಕಡೆಯೆಲ್ಲಾ ನೀರು ತುಂಬಿ, ಕೆಸರಿನಲ್ಲಿ ತಳ ಕಾಣದೆ ಎಲ್ಲೆಂದರಲ್ಲಿ ಗುಳಿ ಬೀಳುತ್ತದೆ. ಬಾಯಿಯಿಂದ ಬಂದರೆ ಪ್ರತಿ ಗುದ್ದಲಿಗೂ ನೀರು ಹಿಂದೆಯೇ ಹರಿದುಹೋಗುತ್ತದೆ.

ಆಳ. ಹೂವಿನ ಗಿಡಗಳಿಗೆ ಒಂದರಿಂದ ಒಂದೂವರೆ ಅಡಿ. ನಿಂಬೆ, ಚಿಕ್ಕು, ಪೇರಲೆಯಂಥವಕ್ಕೆ ಎರಡಡಿ. ಗಿಡ ನೆಟ್ಟ ಗುಂಡಿಯ ತಳಕ್ಕಿಂತ ಕಾಲುವೆಯ ತಳ ಕೆಳಗಿರಬೇಕು. ಇದೊಂದು ತಪ್ಪಿದರೆ ಮೇಲಿನ ನೀರು ಹೋಗುತ್ತದೆ, ಬೇರಿನ ಸುತ್ತಲಿನ ನೀರು ಅಲ್ಲೇ ಉಳಿಯುತ್ತದೆ. ಅಗಲ ಮೇಲೆ ಒಂದಡಿ, ತಳ ಸ್ವಲ್ಪ ಕಿರಿದು. ಬದಿ ನೆಟ್ಟಗಿದ್ದರೆ ಕುಸಿಯುತ್ತದೆ, ಸ್ವಲ್ಪ ಓರೆ ಇರಲಿ.

ಜಾಗ. ಗಿಡದ ನೆರಳಿನ ಅಂಚಿನಿಂದ ಆಚೆ. ಬುಡದ ಹತ್ತಿರ ತೋಡಿದರೆ ಉಳಿದ ಬೇರನ್ನೂ ನೀವೇ ಕಡಿದ ಹಾಗೆ.

ಹಂತ 2ರಲ್ಲಿ ಧರೆಯ ನೀರು ಎಂದು ಗೊತ್ತಾಗಿದ್ದರೆ ಕಾಲುವೆ ಗಿಡದ ಕೆಳಗೆ ಬೇಡ, ಮೇಲ್ಗಡೆ ಬೇಕು. ಗುಡ್ಡದಿಂದ ಬರುವ ನೀರನ್ನು ಗಿಡಕ್ಕೆ ಮುಟ್ಟುವ ಮೊದಲೇ ಅಡ್ಡ ಹಿಡಿದು ಬದಿಗೆ ಸಾಗಿಸುವ ಅಡ್ಡಗಾಲುವೆ. ಇದನ್ನು ಧರೆಯ ಬುಡಕ್ಕೆ ಒತ್ತಿ ತೋಡಬೇಡಿ, ಕನಿಷ್ಠ ನಾಲ್ಕೈದು ಅಡಿ ಬಿಡಿ. ಎತ್ತರದ ಧರೆಯಾದರೆ ಇನ್ನೂ ದೂರ. ಮಳೆ ಹಿಡಿದಿರುವಾಗ ಅಂಥ ಕಡೆ ಕೆಲಸವೇ ಬೇಡ.

ಜಂಬಿಟ್ಟಿಗೆ ಗುಂಡಿಯ ಗಿಡಕ್ಕೆ ಸುತ್ತ ಕಾಲುವೆ ತೋಡಿ ಪ್ರಯೋಜನವಿಲ್ಲ. ಗುಂಡಿಯ ತಗ್ಗಿನ ಬದಿಯ ಕಲ್ಲನ್ನು ಹಾರೆಯಿಂದ ತಳದವರೆಗೆ ಒಡೆದು ಬಾಯಿ ಬಿಡಿಸಬೇಕು. ಅರ್ಧ ಅಡಿ ಅಗಲ ಸಾಕು. ಒಡೆದ ಕೂಡಲೇ ಕಪ್ಪು ನೀರು ಬುಳಬುಳ ಬರುವುದನ್ನು ನೋಡಿದರೆ ಆ ಗಿಡ ಎಷ್ಟು ಕಷ್ಟದಲ್ಲಿತ್ತು ಎಂದು ಅರ್ಥವಾಗುತ್ತದೆ.

ಓಡಾಡುವ ಜಾಗದಲ್ಲಿ ತೆರೆದ ಕಾಲುವೆ ಬೇಡ ಅನ್ನುವವರು 3 ಇಂಚಿನ ತೂತಿರುವ ಪಿವಿಸಿ ಪೈಪಿಗೆ ಹಸಿರು ನೆರಳು ಬಲೆ ಸುತ್ತಿ, ಸುತ್ತ ಜಲ್ಲಿ ತುಂಬಿ ಮುಚ್ಚಬಹುದು. ನನ್ನ ಮಾತು ಕೇಳಿದರೆ ತೆರೆದ ಕಾಲುವೆಯೇ ವಾಸಿ. ಕಟ್ಟಿಕೊಂಡರೆ ಕಣ್ಣಿಗೆ ಕಾಣುತ್ತದೆ. ವಾರಕ್ಕೊಮ್ಮೆ ಸಲಿಕೆಯಿಂದ ಹೂಳು, ಎಲೆ ಎಳೆದರೆ ಮುಗಿಯಿತು.

## ಹಂತ 5: ಮಣ್ಣಿಗೆ ಗಾಳಿ

ಕಾಲುವೆಯಾದ ಮೇಲೆ ಎರಡು ಮೂರು ದಿನ ಬಿಡಿ. ನಂತರ ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬೀಳಿಸಿ. ಒಡೆದು ಚೂರಾದರೆ ಕೆಲಸ ಮಾಡಬಹುದು. ಚಪ್ಪಟೆಯಾಗಿ ಅಂಟಿ ಕೂತರೆ ಇನ್ನೂ ಕಾಯಬೇಕು. ಆ ಹದದಲ್ಲಿ ಗುದ್ದಲಿ ಹಾಕಿದರೆ ಮಣ್ಣು ಇಟ್ಟಿಗೆಯಾಗುತ್ತದೆ.

ಹದ ಬಂದ ಮೇಲೂ ಅಗೆಯಬೇಡಿ. ಹಾರೆಯನ್ನು ಗಿಡದ ನೆರಳಿನ ಅಂಚಿನಲ್ಲಿ ಒಂದಡಿ ಆಳಕ್ಕೆ ಊರಿ, ಸ್ವಲ್ಪ ಅಲ್ಲಾಡಿಸಿ ಎಳೆಯಿರಿ. ಅಡಿಗೊಂದು ತೂತು. ತೂತಿಗೆ ದಪ್ಪ ಮರಳು ಅಥವಾ ಸುಟ್ಟ ಭತ್ತದ ಹೊಟ್ಟು ತುಂಬಿ. ಬೇರು ತಡೆದ ಹಾಗೆ ಅನ್ನಿಸಿದರೆ ಜಾಗ ಬದಲಿಸಿ.

ಇಡೀ ಬುಡಕ್ಕೆ ಒಂದು ಬುಟ್ಟಿ ಮರಳು ಕಲೆಸುವ ಅಭ್ಯಾಸ ಇದೆ. ಜೇಡಿ ಮಣ್ಣಿಗೆ ಸ್ವಲ್ಪ ಮರಳು ಬೆರೆತರೆ ಅದು ಸಡಿಲ ಆಗುವುದಿಲ್ಲ, ಗಾರೆಯಂತೆ ಬಿಗಿಯುತ್ತದೆ. ಜಿಪ್ಸಮ್ಮೂ ಬೇಡ. ಅದು ಸೋಡಿಯಂ ಹೆಚ್ಚಿರುವ ಚೌಳು ಮಣ್ಣಿಗೆ ಮದ್ದು. ನಮ್ಮ ಹುಳಿ ಮಣ್ಣಿನ ಬಿಗಿಗೆ ಕಾರಣ ಅದಲ್ಲ.

ಈ ಹೊತ್ತಿನಲ್ಲಿ ಹಸಿ ಸೊಪ್ಪು, ಹಸಿ ಸಗಣಿ ಬುಡಕ್ಕೆ ಹಾಕಬೇಡಿ. ಅಡಿಕೆ ತೋಟಕ್ಕೆ ಸೊಪ್ಪು ಹಾಕಿ ರೂಢಿಯಾದ ನಮಗೆ ಇದು ಒಪ್ಪುವ ಮಾತಲ್ಲ, ಗೊತ್ತು. ಆದರೆ ಹಸಿಯದು ಕೊಳೆಯುವಾಗ ಮಣ್ಣಿನ ಆಮ್ಲಜನಕವನ್ನೇ ತಿನ್ನುತ್ತದೆ. ಬೇರಿಗೆ ಈಗಷ್ಟೇ ಸಿಗುತ್ತಿರುವ ಉಸಿರನ್ನು ನಾವೇ ಕಿತ್ತುಕೊಂಡ ಹಾಗಾಗುತ್ತದೆ.

## ಹಂತ 6: ಬೇರು ನೋಡಿ, ಕೊಳೆಗೆ ಮದ್ದು

ಒಂದು ಬದಿಯಲ್ಲಿ ಮಣ್ಣು ಮೆಲ್ಲಗೆ ಸರಿಸಿ ಬೆರಳ ಗಾತ್ರಕ್ಕಿಂತ ಸಣ್ಣ ಬೇರುಗಳನ್ನು ನೋಡಿ. ಬೆಳ್ಳಗೆ ಅಥವಾ ತಿಳಿ ಹಳದಿಯಾಗಿ ಗಟ್ಟಿ ಇದ್ದರೆ ಜೀವ ಇದೆ. ಕಂದಾಗಿ, ಹಿಡಿದು ಎಳೆದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಕೈಗೆ ಬಂದರೆ ಕೊಳೆತಿದೆ. ಕಾಂಡದ ಬುಡವನ್ನು ಉಗುರಿನಿಂದ ಗೀರಿ. ಒಳಗೆ ಹಸಿರಿದ್ದರೆ ಆಸೆ ಇಟ್ಟುಕೊಳ್ಳಿ. ಸುತ್ತಲೂ ಕಂದು ಪಟ್ಟಿ ಕಂಡರೆ ಗಿಡ ಉಳಿಯುವುದು ಕಷ್ಟ.

ಕೊಳೆತ ಬೇರನ್ನು ಕತ್ತರಿಯಿಂದ ತೆಗೆಯಿರಿ. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್ಟಿನಿಂದ ಒರೆಸಿ. ಕುಂಡದ ಗಿಡವಾದರೆ ಪೂರ್ತಿ ಹೊರತೆಗೆದು ಹೊಸ ಮಣ್ಣಿಗೆ ಹಾಕಿ. ನೆಲದ ಗಿಡವನ್ನು ಕೀಳಬೇಡಿ.

ಕೊಳೆ ಇದ್ದರೆ ಶೇಕಡ 1ರ ಬೋರ್ಡೋ ದ್ರಾವಣ. ಅಡಿಕೆ ಬೆಳೆಯುವ ಮನೆಗಳಲ್ಲಿ ಇದು ಹೊಸದಲ್ಲ, ಆದರೆ ಸಣ್ಣ ಅಳತೆಯಲ್ಲಿ ಮಾಡುವಾಗ ತಪ್ಪುತ್ತದೆ. 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನೊಂದು 5 ಲೀಟರಿನಲ್ಲಿ ಕರಗಿಸಿ. ಎರಡೂ ಪ್ಲಾಸ್ಟಿಕ್ ಬಕೆಟ್ಟೇ ಆಗಿರಲಿ, ಕಬ್ಬಿಣದ ಪಾತ್ರೆ ಬೇಡ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕೋಲಿನಿಂದ ತಿರುಗಿಸಿ. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬಾರದು. ಹೊಳೆಯುವ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಕಂಡರೆ ಇನ್ನೂ ಸ್ವಲ್ಪ ಸುಣ್ಣದ ನೀರು ಸೇರಿಸಿ. ಮಾಡಿದ ದಿನವೇ ಬಳಸಿ ಮುಗಿಸಿ.

ಮಧ್ಯಮ ಗಾತ್ರದ ಗಿಡಕ್ಕೆ ಎರಡು ಮೂರು ಲೀಟರ್ ಬುಡದ ಸುತ್ತ ಹೊಯ್ಯಿರಿ. ಅರ್ಧ ದಿನವಾದರೂ ಹೊಳವಿರುವ ದಿನ ನೋಡಿಕೊಳ್ಳಿ. ನಿಂತ ನೀರಿಗೆ ಹೊಯ್ದರೆ ಅದು ತೆಳುವಾಗಿ ಕೊಚ್ಚಿಹೋಗುತ್ತದೆ, ಕೆರೆ ಬಾವಿಗೆ ಸೇರಿದರೆ ಮೀನಿಗೆ ವಿಷ. ಒಂದು ಮಳೆಗಾಲಕ್ಕೆ ಒಂದು ಸಲ, ತೀರಾ ಬೇಕಾದರೆ ಎರಡು. ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ. ಕೊಳೆ ತಡೆಯಲು ಮಣ್ಣಿಗೆ ಟ್ರೈಕೋಡರ್ಮಾ ಎಂಬ ಜೈವಿಕ ಮದ್ದು ಬಳಸುವವರು ಇದರ ಜೊತೆ ಹಾಕಬೇಡಿ, ಅದೂ ಶಿಲೀಂಧ್ರವೇ, ಸಾಯುತ್ತದೆ. ಕನಿಷ್ಠ ಮೂರು ವಾರ ಬಿಟ್ಟು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹಾಕಿ.

## ಹಂತ 7: ಚೇತರಿಕೆ

ಬೇರು ಕಡಿಮೆಯಾಗಿದೆ, ಅದಕ್ಕೆ ತಕ್ಕ ಹಾಗೆ ಮೇಲಿನ ಹೊರೆಯೂ ಇಳಿಯಬೇಕು. ಹೂವು, ಮೊಗ್ಗು, ಎಳೆಗಾಯಿ ತೆಗೆದುಬಿಡಿ. ಮನಸ್ಸು ಬರುವುದಿಲ್ಲ, ಆದರೂ ತೆಗೆಯಿರಿ. ಒಣಗಿದ, ಕೊಳೆತ ರೆಂಬೆ ಕತ್ತರಿಸಿ. ಹಸಿರಿರುವುದನ್ನು ಕಾಲುಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ಅಲ್ಲಾಡುವ ಗಿಡಕ್ಕೆ ಬಿದಿರಿನ ಊರುಗೋಲು ಕೊಡಿ.

ಗೊಬ್ಬರಕ್ಕೆ ಹೊಸ ಚಿಗುರೇ ಸೂಚನೆ. ಎರಡು ಮೂರು ವಾರದಲ್ಲಿ ಸಣ್ಣ ಚಿಗುರು ಕಂಡರೆ ಬೇರು ಮತ್ತೆ ಕೆಲಸ ಶುರು ಮಾಡಿದೆ. ಆಗ ಮಾಮೂಲಿಯ ಅರ್ಧ ಪ್ರಮಾಣ. ಅದಕ್ಕೂ ಮೊದಲು ರಾಸಾಯನಿಕ ಗೊಬ್ಬರ ಹಾಕಿದರೆ ಅದರ ಉಪ್ಪಿಗೆ ಗಾಯವಾದ ಬೇರು ಸುಡುತ್ತದೆ. ಎಲೆ ತೀರಾ ಹಳದಿಯಿದ್ದು ಏನಾದರೂ ಕೊಡಲೇಬೇಕು ಅನ್ನಿಸಿದರೆ ಲೀಟರಿಗೆ 5 ಗ್ರಾಂ ಯೂರಿಯಾ ಕರಗಿಸಿ ಹೊಳವಿನ ದಿನ ಎಲೆಗೆ ಸಿಂಪಡಿಸಿ.

ಒಂದು ಎಚ್ಚರಿಕೆ. ಎಷ್ಟೋ ಗಿಡ ಮಳೆ ದಾಟಿ ಅಕ್ಟೋಬರಿನ ಬಿಸಿಲಿಗೆ ಸಾಯುತ್ತದೆ. ಆಳದ ಬೇರು ಹೋಗಿ ಮೇಲಿನ ನಾಲ್ಕು ಇಂಚಿನಲ್ಲಿ ಮಾತ್ರ ಬೇರು ಉಳಿದಿರುತ್ತದೆ. ಮೇಲ್ಮಣ್ಣು ಒಣಗಿದ ಕೂಡಲೇ ಅದಕ್ಕೆ ನೀರಿಲ್ಲ. ಆ ತಿಂಗಳು ಮಧ್ಯಾಹ್ನಕ್ಕೆ ಸೋಗೆಯ ನೆರಳು ಕೊಡಿ. ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪವೇ ನೀರು ಹಾಕಿ. ಸರಿಸಿಟ್ಟಿದ್ದ ದರಗನ್ನು ಮತ್ತೆ ಹತ್ತಿರಕ್ಕೆ ತನ್ನಿ.

## ಹಂತ 8: ಮುಂದಿನ ಮೃಗಶಿರಕ್ಕೆ ಮೊದಲು

ಜೂನ್ 8ರ ಸುಮಾರಿಗೆ ಮೃಗಶಿರ ಹಿಡಿಯುತ್ತದೆ. ಕೆಲಸವೆಲ್ಲಾ ಮೇ ಮುಗಿಯುವುದರೊಳಗೆ ಆಗಬೇಕು. ಪಾತಿ ಒಡೆಯುವುದು, ಕಾಲುವೆ ಹೂಳೆತ್ತುವುದು, ಸೂರಿನ ನೀರಿಗೆ ದಾರಿ.

ಹೊಸ ಗಿಡ ನೆಡುವ ಜಾಗವನ್ನು ಮೊದಲೇ ಪರೀಕ್ಷಿಸಿ. ಒಂದಡಿ ಗುಂಡಿಗೆ ನೀರು ತುಂಬಿ ಇಂಗಲು ಬಿಡಿ. ಮತ್ತೆ ತುಂಬಿ ಒಂದು ಗಂಟೆಯಲ್ಲಿ ಎಷ್ಟು ಇಳಿಯಿತು ಎಂದು ಸ್ಕೇಲಿನಿಂದ ಅಳೆಯಿರಿ. ಒಂದರಿಂದ ಮೂರು ಇಂಚು ಇಳಿದರೆ ಚಿಂತೆಯಿಲ್ಲ. ಒಂದು ಇಂಚಿಗಿಂತ ಕಡಿಮೆಯಾದರೆ ಗುಂಡಿಯಲ್ಲಿ ನೆಡಬೇಡಿ, ಏರುಮಡಿ ಮಾಡಿ. ಶುಂಠಿಗೆ ಎತ್ತರದ ಪಟ್ಟೆ ಮಾಡುವುದೂ ಇದೇ ಕಾರಣಕ್ಕೆ. ಒಂದರಿಂದ ಒಂದೂವರೆ ಅಡಿ ಎತ್ತರ, ಬುಡ ಅಗಲ, ತಲೆ ಸ್ವಲ್ಪ ಉಬ್ಬು. ಸುತ್ತ ಜಂಬಿಟ್ಟಿಗೆ ಜೋಡಿಸುವುದಾದರೆ ಸಂದಿಗೆ ಸಿಮೆಂಟ್ ಹಾಕಬೇಡಿ. ಕುಂಡದ ತಳಕ್ಕೆ ಜಲ್ಲಿ ತುಂಬುವುದನ್ನೂ ಬಿಡಿ. ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ತಂಗುತ್ತದೆ, ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ತೂತಿಗೆ ಒಂದು ಹೆಂಚಿನ ಚೂರು ಸಾಕು.

ಡೇರೆ (ಡೇಲಿಯಾ) ಹೂವಿನ ಬಗ್ಗೆ ಬೇರೆಯಾಗಿ ಹೇಳಬೇಕು. ನಮ್ಮ ಕಡೆ ಮಳೆ ಶುರುವಿಗೆ ಗೆಡ್ಡೆ ಇಡದ ಮನೆ ಕಡಿಮೆ, ಕೊಳೆಯಿಸಿಕೊಳ್ಳದ ಮನೆ ಇನ್ನೂ ಕಡಿಮೆ. ಗೆಡ್ಡೆಯನ್ನು ಸಮತಟ್ಟು ನೆಲಕ್ಕೆ ಹಾಕಬೇಡಿ. ಒಂದು ಮೊಳ ಎತ್ತರದ ಗುಡ್ಡೆ ಮಾಡಿ, ಚಿಗುರೊಡೆದ ಗೆಡ್ಡೆಯನ್ನು ಮೂರು ನಾಲ್ಕು ಇಂಚು ಆಳದಲ್ಲಿ ಇಡಿ. ಊರುಗೋಲನ್ನು ಆಗಲೇ ನೆಡಿ, ಆಮೇಲೆ ನೆಟ್ಟರೆ ಗೆಡ್ಡೆಗೆ ಚುಚ್ಚಿ ಅಲ್ಲಿಂದಲೇ ಕೊಳೆ ಶುರುವಾಗುತ್ತದೆ. ಹೂ ಮುಗಿದು ಗಿಡ ಒಣಗಿದ ಮೇಲೆ ಗೆಡ್ಡೆ ಕಿತ್ತು ಒಣ ಮರಳಿನಲ್ಲಿಡಿ.

ಯಾವ ಗಿಡ ಎಲ್ಲಿ ಎನ್ನುವುದಕ್ಕೆ ನನ್ನ ಲೆಕ್ಕ ಇಷ್ಟು. ಪಪ್ಪಾಯಿ, ಬೆಣ್ಣೆಹಣ್ಣು, ಹಲಸು, ಗುಲಾಬಿ, ಸೇವಂತಿಗೆ ಎತ್ತರಕ್ಕೆ. ಪಪ್ಪಾಯಿಗೆ ಎರಡು ದಿನ ನಿಂತ ನೀರೂ ಜಾಸ್ತಿಯೇ. ಪೇರಲೆ ಒಂದಿಷ್ಟು ತಡೆಯುತ್ತದೆ. ಕೆಸು, ಕಾಬಾಳೆ, ಸುಗಂಧಿ, ಬಜೆ, ಒಂದೆಲಗ ತಗ್ಗಿಗೆ. ಕಾಲುವೆ ಬಂದು ಸೇರುವ ಮೂಲೆಯಲ್ಲಿ ಇವನ್ನೇ ಹಾಕಿ. ಆ ತಗ್ಗಿನ ನೀರು ಎರಡು ಮೂರು ದಿನದಲ್ಲಿ ಇಂಗಬೇಕು. ಇಂಗದಿದ್ದರೆ ಸೊಳ್ಳೆಯಾಗುತ್ತದೆ, ಹೊರಗೆ ದಾರಿ ಮಾಡಿ.

ನಮ್ಮ ಮಣ್ಣು ಮಳೆಗೆ ತೊಳೆದು ಹುಳಿಯಾಗಿರುತ್ತದೆ. ಎಷ್ಟು ಸುಣ್ಣ ಬೇಕು ಎಂದು ಅಂದಾಜಿನಲ್ಲಿ ಹಾಕುವ ಬದಲು ಬೇಸಿಗೆಯಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ಶಿವಮೊಗ್ಗದ ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

## ಸತ್ತ ಗಿಡದ ಗುಂಡಿ

ಕಾಂಡ ಗೀರಿದಾಗ ಬುಡದವರೆಗೂ ಕಂದಾಗಿದ್ದರೆ ಗಿಡ ಬಿಟ್ಟುಬಿಡಿ. ಬೇರು ಸಮೇತ ಕಿತ್ತು ಒಣಗಿಸಿ ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಅದೇ ಗುಂಡಿಗೆ ಅದೇ ಜಾತಿಯ ಗಿಡವನ್ನು ಮಾರನೇ ವಾರವೇ ತಂದು ನೆಡುವುದು ದುಡ್ಡು ದಂಡ. ರೋಗಾಣು ಅಲ್ಲೇ ಇರುತ್ತದೆ, ನೀರೂ ಅಲ್ಲೇ ಇರುತ್ತದೆ. ಗುಂಡಿಯ ಬಾಯಿ ಬಿಡಿಸಿ, ಜನವರಿ, ಫೆಬ್ರವರಿಯ ಬಿಸಿಲಿಗೆ ಮಣ್ಣು ತೆರೆದಿಡಿ. ಆಮೇಲೆ ಬೇರೆ ಜಾತಿಯ ಗಿಡವನ್ನು ಏರಿಸಿ ನೆಡಿ. ನೀರು ನಿಲ್ಲುವುದನ್ನು ತಪ್ಪಿಸಲು ಆಗದ ಜಾಗವಾದರೆ ನೀರು ಬೇಡುವ ಗಿಡವನ್ನೇ ಹಾಕಿ. ನಮ್ಮ ನಿಂಬೆಯ ಗುಂಡಿಯಲ್ಲಿ ಈಗ ಕೆಸು ಇದೆ. ಶ್ರಾವಣದಲ್ಲಿ ಪತ್ರೊಡೆಗೆ ಎಲೆ ಅಲ್ಲಿಂದಲೇ ಕೊಯ್ಯುತ್ತೇವೆ.